ಚಾಲನಾ ಶಿಕ್ಷಕರ ಆಯ್ಕೆ: ಕಲಿತು ಎರಡು ವರ್ಷಗಳಾದ ಮೇಲೆ

ಮೈಸೂರಿನಲ್ಲಿ ನಾನು ಇಬ್ಬರ ಬಳಿ ಕಾರು ಚಾಲನೆ ಕಲಿತೆ. ಪರವಾನಗಿ ದೊರೆತದ್ದು ಮೊದಲನೆಯವರ ಶಾಲೆಯ ಮೂಲಕ. ಒಬ್ಬಳೇ ಕಾರು ತೆಗೆದುಕೊಂಡು ಹೊರಡುವ ಧೈರ್ಯ ಬಂದದ್ದು ಎರಡನೆಯವರ ಪಾಠದಿಂದ. ಈ ಎರಡು ವರ್ಷ ಪ್ರತಿದಿನ ಕಾರು ಓಡಿಸಿದ ಅನುಭವದಿಂದ ನನಗೆ ತಿಳಿದದ್ದನ್ನು, ಈಗ ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಮಾಡಿಸಿಕೊಂಡು ಶಿಕ್ಷಕರನ್ನು ಹುಡುಕುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಶಿಕ್ಷಕರ ಮಾತಿಗಿಂತ ಮೊದಲು ಅವರ ಪಾದಗಳನ್ನು ಗಮನಿಸಿ. ತರಬೇತಿಯ ಕಾರಿನಲ್ಲಿ ಶಿಕ್ಷಕರ ಕಡೆಗೂ ನಿಯಂತ್ರಣ ಇರಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮಗಳ ಷರತ್ತು. ಅಪಾಯದ ಗಳಿಗೆಗೆಂದು ಇರುವ ಆ ಪೆಡಲ್‌ಗಳನ್ನು ನನ್ನ ಮೊದಲ ಶಿಕ್ಷಕರು ಪಾಠದುದ್ದಕ್ಕೂ ತುಳಿದುಕೊಂಡೇ ಇರುತ್ತಿದ್ದರು. ಕಾರು ಒಮ್ಮೆಯೂ ಆಫ್ ಆಗುತ್ತಿರಲಿಲ್ಲವಾದ್ದರಿಂದ ನನಗೆ ಕ್ಲಚ್ ಒಲಿಯಿತೆಂದೇ ನಂಬಿದ್ದೆ. ನಮ್ಮ ಮನೆಯ ಕಾರಿನಲ್ಲಿ ಕುಳಿತ ಮೊದಲ ದಿನ, ಬೀದಿಯ ಸಣ್ಣ ಏರಿನಲ್ಲಿ ಅದು ಮೂರು ಸಲ ಆಫ್ ಆಗಿ ಹಿಂದಕ್ಕೆ ಜಾರಿದಾಗ, ಅಷ್ಟು ದಿನ ನಾನು ಹಿಡಿದಿದ್ದದ್ದು ಸ್ಟಿಯರಿಂಗ್ ಮಾತ್ರವೆಂದು ಅರಿವಾಯಿತು. ಹಿಂದೆ ಸ್ಕೂಟರಿನಲ್ಲಿ ನಿಂತಿದ್ದವರು ಪಕ್ಕಕ್ಕೆ ಸರಿದುಕೊಳ್ಳದಿದ್ದರೆ ಏನಾಗುತ್ತಿತ್ತೋ ಎಂಬ ಯೋಚನೆ ಬಹಳ ದಿನ ನನ್ನನ್ನು ಬಿಡಲಿಲ್ಲ.

ಎರಡನೆಯ ಶಿಕ್ಷಕರು ಮೊದಲ ದಿನವಿಡೀ ಆಕ್ಸಿಲರೇಟರ್ ಮುಟ್ಟಗೊಡಲಿಲ್ಲ. ಮನೆಗಳು ಇನ್ನೂ ಏಳದ ಬಡಾವಣೆಯೊಂದರ ಸಮತಟ್ಟು ರಸ್ತೆಯಲ್ಲಿ ಕ್ಲಚ್ ಪೆಡಲನ್ನು ಅರ್ಧ ಮಾತ್ರ ಬಿಟ್ಟು, ಬರಿಯ ಆ ಹಾಫ್ ಕ್ಲಚ್‌ನಿಂದ ಕಾರನ್ನು ನಡಿಗೆಯ ವೇಗದಲ್ಲಿ ಸಾಗಿಸುವುದು, ನಿಲ್ಲಿಸುವುದು, ಮತ್ತೆ ಸಾಗಿಸುವುದು, ಇಷ್ಟೇ ಅಂದಿನ ಪಾಠ. ಮುಂದೆ ಚಾಮುಂಡಿ ಬೆಟ್ಟದ ತಪ್ಪಲಿನ ಏರಿನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಪೆಡಲನ್ನು ಮೆಲ್ಲಗೆ ಬಿಡುತ್ತ, ಅದು ಹಿಡಿದುಕೊಳ್ಳುವ ಹಂತದಲ್ಲಿ ಎಂಜಿನ್ನಿನ ಸದ್ದು ತಗ್ಗುವುದನ್ನು ಕಿವಿಗೊಟ್ಟು ಕೇಳಿದ ನಂತರವೇ ಬ್ರೇಕ್ ಬಿಡುವುದನ್ನು ಕಲಿಸಿದರು. ಅವರು ಕಾಲುಗಳನ್ನು ಹಿಂದಕ್ಕೆ ಮಡಚಿಯೇ ಕೂರುತ್ತಿದ್ದರು. ಎಂದಾದರೂ ಪೆಡಲ್ ತುಳಿಯಬೇಕಾಗಿ ಬಂದರೆ, “ಈಗ ಬ್ರೇಕ್ ಹಿಡಿದದ್ದು ನಾನಮ್ಮ, ನೀವಲ್ಲ” ಎಂದು ಆಗಲೇ ತಿಳಿಸಿ, ಏಕೆ ಹಿಡಿಯಬೇಕಾಯಿತೆಂದು ವಿವರಿಸುತ್ತಿದ್ದರು. ವೃತ್ತಗಳೇ ತುಂಬಿರುವ ನಮ್ಮ ಊರಿನಲ್ಲಿ, ವೃತ್ತದೊಳಗೆ ಆಗಲೇ ಇರುವ ವಾಹನಕ್ಕೆ ದಾರಿ ಬಿಡಬೇಕೆಂಬುದನ್ನು ಬಾಯಿಪಾಠ ಮಾಡಿಸದೆ, ಬೆಳಗಿನ ಆರು ಗಂಟೆಗೊಮ್ಮೆ, ಶಾಲೆ ಬಿಡುವ ಹೊತ್ತಿಗೊಮ್ಮೆ ಅದೇ ವೃತ್ತವನ್ನು ಸುತ್ತಿಸಿ ರೂಢಿ ಮಾಡಿಸಿದರು. ಇಂದಿಗೂ ನನ್ನ ಕೈಬಿಡದ ಪಾಠವೆಂದರೆ ಅದು.

ಸೇರುವ ಮೊದಲು ಗಂಟೆಗಳ ಲೆಕ್ಕವನ್ನು ಕೇಳಲೇಬೇಕು. ನಿಯಮದಂತೆ ಕಾರಿನ ತರಬೇತಿ ಕನಿಷ್ಠ 21 ದಿನಗಳದ್ದಾಗಿರಬೇಕು, ಕಲಿಯುವವರು ಸ್ವತಃ ಕನಿಷ್ಠ 10 ಗಂಟೆ ಓಡಿಸಿರಬೇಕು. ಮೊದಲ ಶಾಲೆಯಲ್ಲಿ ಒಂದೇ ಕಾರಿಗೆ ಮೂವರನ್ನು ಹತ್ತಿಸಿಕೊಳ್ಳುತ್ತಿದ್ದರಿಂದ ಅರ್ಧ ಗಂಟೆಯ ಪಾಠದಲ್ಲಿ ನನ್ನ ಪಾಲಿಗೆ ಸಿಗುತ್ತಿದ್ದದ್ದು ಹತ್ತು ನಿಮಿಷ. ಕಾರಿನ ತರಬೇತಿಗೆ 2024ರ ಜನವರಿಯಿಂದ ರಾಜ್ಯದಲ್ಲಿ ನಿಗದಿಯಾದ ಶುಲ್ಕ 7,000 ರೂಪಾಯಿ. ಕೊಟ್ಟ ಹಣಕ್ಕೆ ರಸೀದಿ ಪಡೆಯಿರಿ. ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದ ಕೂಡಲೇ ಪರೀಕ್ಷೆಗೆ ಹೋಗಬಹುದಾದರೂ, ಹೋಗಲೇಬೇಕೆಂದು ಆತುರಪಡಿಸುವ ಶಿಕ್ಷಕರ ಮಾತಿಗೆ ಒಪ್ಪಬೇಡಿ.

ಎರಡನೆಯವರ ತರಬೇತಿಯಲ್ಲಿಯೂ ಒಂದು ಕೊರತೆಯಿತ್ತು. ಪಾಠಗಳೆಲ್ಲ ಹಗಲಿನಲ್ಲೇ ಮುಗಿದದ್ದರಿಂದ, ಎದುರಿನಿಂದ ಹೈ ಬೀಮ್ ಹಾಕಿಕೊಂಡು ಬರುವ ಲಾರಿಯನ್ನು ನಾನು ಮೊದಲು ಎದುರಿಸಿದ್ದು ನಂಜನಗೂಡಿನ ರಸ್ತೆಯಲ್ಲಿ, ಮಳೆಯ ರಾತ್ರಿ, ಒಬ್ಬಳೇ. ಕಳೆದ ತಿಂಗಳು ನನ್ನ ತಂಗಿಯನ್ನು ಅವರ ಬಳಿ ಸೇರಿಸುವಾಗ ಇದನ್ನು ಹೇಳಿದೆ. ಅವಳಿಗೆ ಈಗ ವಾರದಲ್ಲಿ ಒಂದು ಪಾಠ ಸಂಜೆ ಏಳರ ನಂತರ ನಡೆಯುತ್ತಿದೆ.