ಎಂಗೆಟಿ ಕಾಲ್‌ಬ್ಯಾಕ್: ಹಲವು ವರ್ಷ ಓಡಿಸಿದ ಮೇಲೆ ನನ್ನ ಅಭಿಪ್ರಾಯ

ಲಿನಕ್ಸ್‌ನಲ್ಲಿ ಡಯಲ್-ಅಪ್ ಕಾಲ್‌ಬ್ಯಾಕ್ (ಫೋನ್ ಲೈನಿನಲ್ಲಿ ಡಯಲ್ ಮಾಡಿದ ಕಂಪ್ಯೂಟರಿಗೆ ಸರ್ವರ್ ತಾನೇ ವಾಪಸ್ ಕರೆ ಮಾಡುವುದು) ಮಾಡಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ ಜೋಡಣೆ: ಎಂಗೆಟಿ (ಮೋಡೆಮ್‌ಗೆ ಬರುವ ಕರೆ ಎತ್ತುವ ಪ್ರೋಗ್ರಾಂ), ಅದರ ಜೊತೆಯಲ್ಲೇ ಬರುವ ಕಾಲ್‌ಬ್ಯಾಕ್ ಪ್ರೋಗ್ರಾಂ, ಪಿಪಿಪಿಡಿ (ಪಿಪಿಪಿ ಪ್ರೋಟೋಕಾಲ್‌ನಿಂದ ಫೋನ್ ಲೈನಿನ ಮೇಲೆ ನೆಟ್‌ವರ್ಕ್ ಕಟ್ಟುವ ಪ್ರೋಗ್ರಾಂ), ಮತ್ತು ಸೀರಿಯಲ್ ಪೋರ್ಟ್‌ಗೆ ಹಾಕುವ ಎಕ್ಸ್‌ಟರ್ನಲ್ ಮೋಡೆಮ್. ನಮ್ಮ ಬೆಂಗಳೂರು ಕಚೇರಿ ಮತ್ತು ಮಲೆನಾಡಿನ ಶಾಖೆಗಳ ನಡುವೆ ಬ್ರಾಡ್‌ಬ್ಯಾಂಡ್ ಬರುವವರೆಗೂ ಮೇಲ್, ಲೆಕ್ಕದ ಫೈಲ್ ಎಲ್ಲ ಓಡಾಡಿದ್ದು ಇದರ ಮೇಲೆ. ತೃಪ್ತಿಯಿಂದ ಶಿಫಾರಸು ಮಾಡುತ್ತೇನೆ. ಆದರೆ ಒಂದು ಎಚ್ಚರಿಕೆ ಇದೆ. ಕಾಲ್‌ಬ್ಯಾಕ್ ಇಟ್ಟುಬಿಟ್ಟರೆ ಬೀಗ ಹಾಕಿದಂತೆ ಎಂದು ಬಹಳ ಜನ ನಂಬಿದ್ದಾರೆ. ಫೋನ್ ಬಿಲ್ ವಿಷಯದಲ್ಲಿ ಅದು ಖಂಡಿತ ಕೆಲಸ ಮಾಡುತ್ತದೆ. ಭದ್ರತೆ ಮಾತ್ರ ನೀವು ಎರಡನೇ ಲೈನ್ ಹಾಕಿಸುತ್ತೀರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಕೆಲಸದ ರೀತಿ ಸರಳ. ಶಾಖೆಯ ಕಂಪ್ಯೂಟರ್ ಕಚೇರಿಗೆ ಫೋನ್ ಹಚ್ಚಿ ತನ್ನ ಹೆಸರು ಹೇಳುತ್ತದೆ. ಕಚೇರಿಯ ಯಂತ್ರ ಲೈನ್ ಕಟ್ ಮಾಡಿ, ಆ ಹೆಸರಿಗೆ ಬರೆದಿಟ್ಟ ನಂಬರಿಗೆ ತಾನೇ ಕರೆ ಮಾಡುತ್ತದೆ. ಮೊದಲ ಕರೆಗೆ ಶಾಖೆಯಲ್ಲಿ ಸ್ವಲ್ಪ ಮೀಟರ್ ಓಡುತ್ತದೆ; ಉದ್ದದ ಕರೆಯ ಖರ್ಚೆಲ್ಲ ಕಚೇರಿಯದು. ಎಸ್‌ಟಿಡಿ ದುಬಾರಿಯಿದ್ದ ಕಾಲದಲ್ಲಿ ಇದರ ಬೆಲೆ ಗೊತ್ತಾಗುತ್ತಿತ್ತು. ರಾತ್ರಿ 11ರ ನಂತರದ ಕಾಲು ದರಕ್ಕೆ ಸರಿಯಾಗಿ ಶಾಖೆಯ ಕ್ರಾನ್ (ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ ಪ್ರೋಗ್ರಾಂ) ಎದ್ದು ಡಯಲ್ ಮಾಡುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಫೈಲ್‌ಗಳು ತಲುಪಿರುತ್ತಿದ್ದವು.

ಮೋಡೆಮ್ ವಿಷಯದಲ್ಲಿ ಕಂಜೂಸಿ ಬೇಡ. ಕಂಪ್ಯೂಟರಿನೊಳಗೆ ಕೂರುವ ಅಗ್ಗದ ವಿನ್‌ಮೋಡೆಮ್ ತನ್ನ ಅರ್ಧ ಕೆಲಸವನ್ನು ವಿಂಡೋಸ್ ಡ್ರೈವರ್‌ಗೆ ಒಪ್ಪಿಸಿರುತ್ತದೆ. ಲಿನಕ್ಸ್‌ನಲ್ಲಿ ಕೆಲವು ಚಿಪ್‌ಗಳಿಗೆ ಮಾತ್ರ ಡ್ರೈವರ್ ಇತ್ತು. ಎಕ್ಸ್‌ಟರ್ನಲ್ ಆದರೆ ಎದುರಿಗೇ ದೀಪಗಳಿರುತ್ತವೆ, ಲೈನ್ ಎತ್ತಿತೇ, ಕ್ಯಾರಿಯರ್ (ಆಚೆಯ ಮೋಡೆಮ್‌ನ ಸಂಕೇತ) ಬಂತೇ ಎಂದು ಕಣ್ಣಿಗೇ ಕಾಣುತ್ತದೆ. ನಮ್ಮಲ್ಲಿದ್ದ ಯುಎಸ್ ರೋಬೋಟಿಕ್ಸ್ ಕೊರಿಯರ್ ಕೊನೆಯವರೆಗೂ ಕೈಕೊಡಲಿಲ್ಲ. ಡಬ್ಬದ ಮೇಲಿನ 56ಕೆ (ಸೆಕೆಂಡಿಗೆ 56 ಕಿಲೋಬಿಟ್) ನೋಡಿ ಆಸೆ ಪಡಬೇಡಿ. ವಿ.90 ಎಂಬ ಮೋಡೆಮ್ ಮಾನದಂಡದ ಆ ವೇಗ ಸಿಗುವುದು ಒಂದು ತುದಿ ಡಿಜಿಟಲ್ ಆಗಿ ಎಕ್ಸ್‌ಚೇಂಜಿಗೆ ಸೇರಿದ್ದಾಗ ಮಾತ್ರ. ಎರಡು ಮಾಮೂಲಿ ಮೋಡೆಮ್‌ಗಳು ಮಾತಾಡಿಕೊಂಡರೆ ಮಿತಿ 33.6ಕೆ. ಮಳೆಗಾಲದಲ್ಲಿ ಅದಕ್ಕಿಂತ ಕೆಳಗೇ ಒಪ್ಪಂದವಾಗುತ್ತಿತ್ತು.

ಸರ್ವರ್ ಕಡೆಯ ಕೆಲಸ ಕಡಿಮೆ. ಗೆರ್ಟ್ ಡೋರಿಂಗ್ ಬರೆದ ಎಂಗೆಟಿಯಲ್ಲಿ ನನಗೆ ಮೆಚ್ಚುಗೆಯಾದದ್ದು, ಅದು ಮೋಡೆಮ್‌ನ ಆಟೋ-ಆನ್ಸರ್ ಅನ್ನು ನಂಬುವುದಿಲ್ಲ. ರಿಂಗ್ ಬಂತು ಅಂತ ಮೋಡೆಮ್ ಹೇಳಿದ ಮೇಲೆ ತಾನೇ ಎಟಿಎ (ಉತ್ತರಿಸು ಎಂಬ ಆಜ್ಞೆ) ಕಳಿಸಿ ಲೈನ್ ಎತ್ತುತ್ತದೆ. ಕಂಪ್ಯೂಟರ್ ಹ್ಯಾಂಗ್ ಆಗಿದ್ದರೆ ಫೋನ್ ಎತ್ತುವವರೇ ಇಲ್ಲ, ದೂರದ ಶಾಖೆಗೆ ಸುಮ್ಮನೆ ಬಿಲ್ ಏರುವುದಿಲ್ಲ. ಲಾಕ್ ಫೈಲ್ (ಮೋಡೆಮ್ ಬಳಕೆಯಲ್ಲಿದೆ ಎಂದು ತಿಳಿಸುವ ಫೈಲ್) ನೋಡಿಕೊಂಡು ನಡೆಯುವುದರಿಂದ ಅದೇ ಮೋಡೆಮ್‌ನಿಂದ ಹೊರಗೂ ಡಯಲ್ ಮಾಡಬಹುದು. ಎಂಗೆಟಿಯನ್ನು ಶುರುಮಾಡಲು ಇನಿಟ್‌ಟ್ಯಾಬ್ ಫೈಲ್‌ನಲ್ಲಿ ಒಂದು ಸಾಲು. ಈಗಿನ ಡಿಸ್ಟ್ರೋಗಳಲ್ಲಾದರೆ ಸಿಸ್ಟಮ್‌ಡಿ ಸರ್ವಿಸ್. ಆಮೇಲೆ ಎಂಗೆಟಿಯ ಲಾಗಿನ್ ಡಾಟ್ ಕಾನ್ಫಿಗ್ ಫೈಲ್‌ನಲ್ಲಿ ಪ್ರತಿ ಶಾಖೆಯ ಹೆಸರಿಗೆ ಒಂದೊಂದು ಸಾಲು: ಈ ಹೆಸರು ಬಂದರೆ ಮಾಮೂಲಿ ಲಾಗಿನ್ ಬದಲು ಕಾಲ್‌ಬ್ಯಾಕ್ ಓಡಿಸು, ಇಂಥ ನಂಬರಿಗೆ ಕರೆ ಮಾಡು. ನಂಬರನ್ನು ಆ ಸಾಲಿನಲ್ಲೇ ಬರೆದಿಡಿ. ಕರೆ ಮಾಡಿದವರನ್ನೇ ನಂಬರ್ ಕೇಳುವ ವ್ಯವಸ್ಥೆ ಮಾಡಿಕೊಂಡರೆ ಯಾರು ಬೇಕಾದರೂ ನಿಮ್ಮ ಖರ್ಚಿನಲ್ಲಿ ತಮ್ಮ ಮನೆಗೆ ಕರೆಸಿಕೊಳ್ಳಬಹುದು. ವಾಪಸ್ ಕರೆ ಕೂಡಿದ ಮೇಲೆ ಮತ್ತೆ ಲಾಗಿನ್ ಕೇಳುತ್ತದೆ. ಆಗ ಕೊಡುವುದು ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅಲ್ಲಿಂದ ಪಿಪಿಪಿಡಿ ಶುರು.

ಹೊಸಬರು ಎಡವುವುದೆಲ್ಲ ಶಾಖೆಯ ಕಡೆಯ ಚಾಟ್ ಸ್ಕ್ರಿಪ್ಟ್‌ನಲ್ಲಿ, ಅಂದರೆ ಮೋಡೆಮ್‌ಗೆ ಏನು ಕಳಿಸಬೇಕು, ಯಾವ ಉತ್ತರಕ್ಕೆ ಕಾಯಬೇಕು ಎಂಬ ಪಟ್ಟಿಯಲ್ಲಿ. ಮಾಮೂಲಿ ಸ್ಕ್ರಿಪ್ಟ್‌ಗೆ ನೋ ಕ್ಯಾರಿಯರ್ (ಸಂಪರ್ಕ ಬಿತ್ತು ಎಂಬ ಮೋಡೆಮ್‌ನ ಸಂದೇಶ) ಅಂದರೆ ಸೋಲು, ಕಂಡ ಕೂಡಲೇ ನಿಂತುಬಿಡುತ್ತದೆ. ಇಲ್ಲಿ ಮಧ್ಯದಲ್ಲಿ ಬರುವ ನೋ ಕ್ಯಾರಿಯರ್ ಶುಭ ಸೂಚನೆ, ಸರ್ವರ್ ವಾಪಸ್ ಕರೆಯಲು ಲೈನ್ ಕಟ್ ಮಾಡಿದೆ ಎಂದರ್ಥ. ಹಾಗಾಗಿ ಮೊದಲ ಡಯಲ್‌ಗೆ ಅದನ್ನು ಅಬಾರ್ಟ್ (ಕಂಡರೆ ನಿಲ್ಲಿಸು) ಪಟ್ಟಿಯಲ್ಲಿಟ್ಟು, ಹೆಸರು ಕಳಿಸಿದ ಮೇಲೆ ಕ್ಲಿಯರ್-ಅಬಾರ್ಟ್ ಕೊಟ್ಟು ತೆಗೆಯಬೇಕು. ನಂತರ ರಿಂಗ್‌ಗೆ ಕಾಯುವುದು, ಎಟಿಎ ಕಳಿಸುವುದು, ಕನೆಕ್ಟ್‌ಗೆ ಕಾಯುವುದು, ಎರಡನೇ ಲಾಗಿನ್. ಚಾಟ್‌ನ ಡೀಫಾಲ್ಟ್ ಕಾಯುವಿಕೆ 45 ಸೆಕೆಂಡು. ಲೈನ್ ಬಿಡುಗಡೆಯಾಗಿ, ಸರ್ವರ್ ಸ್ವಲ್ಪ ಸುಮ್ಮನಿದ್ದು, ಎಸ್‌ಟಿಡಿ ಕೂಡಿಕೊಳ್ಳುವಷ್ಟರಲ್ಲಿ ಅದು ಮುಗಿದೇ ಹೋಗುತ್ತದೆ. ಟೈಮ್‌ಔಟ್ 120 ಇಟ್ಟರೆ ನೆಮ್ಮದಿ. ಮಧ್ಯೆ ಕ್ಯಾರಿಯರ್ ಬಿದ್ದರೆ ಪಿಪಿಪಿಡಿ ಸಾಯುವುದಿಲ್ಲವೇ ಎಂದು ಕೇಳುತ್ತಾರೆ. ಇಲ್ಲ, ಕನೆಕ್ಟ್ ಸ್ಕ್ರಿಪ್ಟ್ ಓಡುವಷ್ಟು ಹೊತ್ತು ಅದು ಕ್ಯಾರಿಯರ್ ಕಡೆ ಗಮನ ಕೊಡುವುದಿಲ್ಲ. ಕರೆ ಮಾಡಿದವರು ಯಾರು, ಎತ್ತಿದವರು ಯಾರು ಎಂಬುದೂ ಪಿಪಿಪಿಗೆ ಬೇಕಿಲ್ಲ. ಎರಡೂ ತುದಿ ಅದಕ್ಕೆ ಸಮ.

ಈಗ ಭದ್ರತೆ. ಹಳೆಯ ಎಕ್ಸ್‌ಚೇಂಜ್‌ಗಳಲ್ಲಿ ಕರೆ ಮಾಡಿದವರು ಫೋನ್ ಇಡುವವರೆಗೂ ಲೈನ್ ಬಿಡುಗಡೆಯಾಗುತ್ತಿರಲಿಲ್ಲ. ನೀವು ಇಟ್ಟರೂ ಆಚೆಯವರು ಹಿಡಿದುಕೊಂಡೇ ಇರಬಹುದು. ಹಾಗೆ ಹಿಡಿದುಕೊಂಡವನಿಗೆ ಸರ್ವರ್ ವಾಪಸ್ ಡಯಲ್ ಮಾಡಿದರೆ ಏನಾಗುತ್ತದೆ? ಅಂಕಿಗಳು ಅವನ ಕಿವಿಗೇ ಬೀಳುತ್ತವೆ, ಅವನ ಮೋಡೆಮ್ ಉತ್ತರಿಸುತ್ತದೆ, ಶಾಖೆಗೇ ಕರೆ ಹೋಯಿತು ಎಂದು ಸರ್ವರ್ ತಿಳಿಯುತ್ತದೆ. ಡಯಲ್ ಟೋನ್ ಕೇಳಿದ ಮೇಲೇ ಡಯಲ್ ಮಾಡು ಎಂದು ಮೋಡೆಮ್‌ಗೆ ಹೇಳಿದರೆ ಸ್ವಲ್ಪ ರಕ್ಷಣೆ, ಆದರೂ ನಕಲಿ ಟೋನ್ ಕೇಳಿಸುವುದು ಕಷ್ಟವಲ್ಲ. ನಮ್ಮ ದೇಶದಲ್ಲಂತೂ ಇನ್ನೊಂದು ತೊಡಕಿತ್ತು. ಹೊರದೇಶದ ಮೋಡೆಮ್‌ಗಳು ಎಷ್ಟೋ ಸಲ ಇಲ್ಲಿನ ಡಯಲ್ ಟೋನನ್ನು ಗುರುತಿಸದೆ ನೋ ಡಯಲ್‌ಟೋನ್ ಎಂದು ನಿಂತುಬಿಡುತ್ತಿದ್ದವು. ಅದಕ್ಕೆ ಎಲ್ಲರೂ ಇನಿಟ್ ಸ್ಟ್ರಿಂಗ್‌ನಲ್ಲಿ (ಮೋಡೆಮ್‌ಗೆ ಮೊದಲು ಕಳಿಸುವ ಆಜ್ಞೆಗಳಲ್ಲಿ) ಎಕ್ಸ್3 ಹಾಕುತ್ತಿದ್ದರು. ಎಕ್ಸ್3 ಅಂದರೆ ಟೋನ್ ನೋಡದೆ ಡಯಲ್ ಮಾಡು ಎಂದು. ಅಲ್ಲಿಗೆ ಆ ಸ್ವಲ್ಪ ರಕ್ಷಣೆಯೂ ಹೋಯಿತು.

ಪರಿಹಾರ ಇರುವುದು ಒಂದೇ: ಒಳಬರುವ ಕರೆಗೆ ಒಂದು ಲೈನ್, ವಾಪಸ್ ಕರೆಗೆ ಇನ್ನೊಂದು. ಯಾವ ಮೋಡೆಮ್‌ನಿಂದ ಡಯಲ್ ಮಾಡಬೇಕು ಎಂದು ಕಾಲ್‌ಬ್ಯಾಕ್ ಪ್ರೋಗ್ರಾಂಗೆ ಹೇಳಬಹುದು. ಎರಡನೇ ಲೈನಿನ ನಂಬರ್ ಯಾರಿಗೂ ಕೊಡಬೇಡಿ. ಒಳಬರುವ ಕರೆ ನಿಲ್ಲಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಅದರ ಮೇಲೂ ಚಾಪ್ (ಪಾಸ್‌ವರ್ಡನ್ನು ಲೈನಿನ ಮೇಲೆ ಕಳಿಸದೆಯೇ ಪರೀಕ್ಷಿಸುವ ಪಿಪಿಪಿ ವಿಧಾನ) ಪಾಸ್‌ವರ್ಡ್ ಇರಲೇಬೇಕು. ಇನ್ನೊಂದು ಲೈನಿನ ಬಾಡಿಗೆ ಯಾಕೆ ಎಂದು ಲೆಕ್ಕ ವಿಭಾಗದವರು ಕೇಳುತ್ತಾರೆ, ಬಿಟ್ಟುಕೊಡಬೇಡಿ.

ಬಿಲ್ ನಿಮ್ಮ ತಲೆಗೆ ಬಂದ ಮೇಲೆ ನೇತಾಡುವ ಲೈನೇ ದೊಡ್ಡ ಶತ್ರು. ಶಾಖೆಯಲ್ಲಿ ಕರೆಂಟ್ ಹೋಗಿ ಯುಪಿಎಸ್ ಮೇಲೆ ಮೋಡೆಮ್ ಮಾತ್ರ ಉಳಿದರೆ ಕ್ಯಾರಿಯರ್ ಹಾಗೇ ಉಳಿಯಬಹುದು, ಮೀಟರ್ ಓಡುತ್ತಲೇ ಇರುತ್ತದೆ. ಪಿಪಿಪಿಡಿಯ ಎಲ್‌ಸಿಪಿ ಎಕೋ ಆಯ್ಕೆಗಳನ್ನು ಹಾಕಿ: 30 ಸೆಕೆಂಡಿಗೊಮ್ಮೆ ವಿಚಾರಿಸು, 4 ಸಲ ಉತ್ತರ ಬರದಿದ್ದರೆ ಕಟ್ ಮಾಡು. ಐಡಲ್ 300 (300 ಸೆಕೆಂಡು ಸುಮ್ಮನಿದ್ದರೆ ಕಟ್) ಮತ್ತು ಒಟ್ಟು ಸಮಯಕ್ಕೆ ಮಿತಿ ಹಾಕುವ ಮ್ಯಾಕ್ಸ್‌ಕನೆಕ್ಟ್ ಕೂಡ ಇರಲಿ. ಮೋಡೆಮ್‌ನಲ್ಲಿ &ಡಿ2 ಸೆಟ್ಟಿಂಗ್ ಇದೆಯೇ ನೋಡಿ &ಡಬ್ಲ್ಯೂ ಕೊಟ್ಟು ಉಳಿಸಿಡಿ. &ಡಿ0 ಇದ್ದರೆ ಡಿಟಿಆರ್ (ಕಂಪ್ಯೂಟರ್ ಸಿದ್ಧವಿದೆ ಎಂದು ಮೋಡೆಮ್‌ಗೆ ತಿಳಿಸುವ ಸಂಕೇತ) ಬಿದ್ದರೂ ಮೋಡೆಮ್ ಫೋನ್ ಇಡುವುದಿಲ್ಲ, ಮೇಲಿನ ಆಯ್ಕೆಗಳೆಲ್ಲ ವ್ಯರ್ಥ.

ವಿಂಡೋಸ್ ಯಂತ್ರಗಳಿಂದ ಬರುವವರಿದ್ದರೆ ಶ್ರಮ ಜಾಸ್ತಿ. ಅಲ್ಲಿ ಕಾಲ್‌ಬ್ಯಾಕ್ ಮಾತುಕತೆ ನಡೆಯುವುದು ಪಿಪಿಪಿ ಒಳಗೆ, ಸಿಬಿಸಿಪಿ ಎಂಬ ಪ್ರೋಟೋಕಾಲ್‌ನಲ್ಲಿ. ಪಿಪಿಪಿಡಿಯ ಸೋರ್ಸ್‌ನಲ್ಲಿ ಕರೆ ಮಾಡುವವರ ಕಡೆಯ ಅರ್ಧ ಇದೆ; ಸರ್ವರ್ ಕಡೆಗೆ ಪ್ಯಾಚ್ ಹುಡುಕಿ ಕಂಪೈಲ್ ಮಾಡಬೇಕಾಗುತ್ತಿತ್ತು. ನಾನು ಶಾಖೆಗಳಲ್ಲೂ ಲಿನಕ್ಸ್ ಹಾಕಿದ್ದಕ್ಕೆ ಇದೂ ಒಂದು ಕಾರಣ.

ಐಎಸ್‌ಡಿಎನ್ (ಡಿಜಿಟಲ್ ಫೋನ್ ಲೈನ್) ಇದ್ದವರ ಅನುಕೂಲವೇ ಬೇರೆ. ಕರೆ ಎತ್ತುವ ಮೊದಲೇ, ಕರೆಯ ಮಾಹಿತಿ ಸಾಗುವ ಡಿ ಚಾನೆಲ್‌ನಲ್ಲಿ ನಂಬರ್ ಬರುವುದರಿಂದ ಅದನ್ನು ತಿರಸ್ಕರಿಸಿ ವಾಪಸ್ ಕರೆಯಬಹುದು, ಮೊದಲ ಕರೆಗೆ ಪೈಸೆ ಖರ್ಚಿಲ್ಲ. ಮಾಮೂಲಿ ಲೈನಿನಲ್ಲೂ ಕಾಲರ್ ಐಡಿ ಸೌಲಭ್ಯ, ಅದನ್ನು ಓದುವ ಮೋಡೆಮ್ ಎರಡೂ ಇದ್ದರೆ ಎಂಗೆಟಿಯ ಸಿಎನ್‌ಡಿ-ಪ್ರೋಗ್ರಾಂ ಆಯ್ಕೆ (ಕರೆ ಎತ್ತುವ ಮೊದಲು ಓಡಿಸಬೇಕಾದ ಪ್ರೋಗ್ರಾಂ) ಬಳಸಿ ಸಣ್ಣ ಶೆಲ್ ಸ್ಕ್ರಿಪ್ಟ್‌ನಲ್ಲಿ ಹೀಗೆ ಮಾಡಬಹುದು. ನಂಬರ್ ಬರೆದಿಟ್ಟುಕೊಂಡು ಕರೆ ನಿರಾಕರಿಸಿದರಾಯಿತು.

ಇಂದು ಯಾರಾದರೂ ದೂರದ ರೂಟರ್‌ನ ಕನ್ಸೋಲ್‌ಗಾಗಿ (ನಿಯಂತ್ರಣದ ಪಠ್ಯ ಪರದೆಗಾಗಿ) ಇದನ್ನು ಹಾಕಹೊರಟಿದ್ದರೆ ಮೊದಲು ಲೈನ್ ಯಾವುದು ನೋಡಿ. ಫೈಬರ್ ಮೇಲೆ ಬರುವ ಲ್ಯಾಂಡ್‌ಲೈನ್‌ನಲ್ಲಿ ಧ್ವನಿ ಪ್ಯಾಕೆಟ್ ಆಗಿ ಹೋಗುತ್ತದೆ, ಒಂದೆರಡು ಪ್ಯಾಕೆಟ್ ತಡವಾದರೂ ಮೋಡೆಮ್‌ಗಳು ಮರುಹೊಂದಾಣಿಕೆಗೆ ಇಳಿಯುತ್ತವೆ ಅಥವಾ ಬಿದ್ದೇ ಹೋಗುತ್ತವೆ. ಅಂಥ ಕಡೆ ಪ್ಲಸ್-ಎಂಎಸ್ ಕಮಾಂಡ್‌ನಿಂದ ವೇಗವನ್ನು 2400ಕ್ಕೋ 9600ಕ್ಕೋ ಇಳಿಸಿ ನೋಡಿ. ಕನ್ಸೋಲ್‌ಗೆ ಅಷ್ಟು ಧಾರಾಳ ಸಾಕು.