ರಾತ್ರಿ ವಲಸೆಯ ಕೂಗು ಹಿಡಿಯಲು ಆಡಿಯೊಮಾತ್: ಕಾರವಾರದ ಕಡೆ ಎಷ್ಟು ಉಪಯೋಗ?

ಆಡಿಯೊಮಾತ್ ಅಂದರೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ರೆಕಾರ್ಡರ್. ಮೂರು ಪೆನ್ಸಿಲ್ ಸೆಲ್, ಒಂದು ಮೈಕ್ರೊ ಎಸ್‌ಡಿ ಕಾರ್ಡ್ ಇದ್ದರೆ ಸಾಕು, ಹೇಳಿಟ್ಟ ಹೊತ್ತಿಗೆ ತಾನೇ ಶುರುವಾಗಿ ತಾನೇ ನಿಲ್ಲುತ್ತದೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಕತ್ತಲಲ್ಲಿ ನಮ್ಮ ತಲೆಯ ಮೇಲೆ ಹಾದುಹೋಗುವ ಗೊರವಗಳ (ಕೆಸರಿನಲ್ಲಿ ಮೇಯುವ ವಲಸೆ ಹಕ್ಕಿಗಳ) ಕೂಗು ಹಿಡಿಯಲು ಧಾರಾಳವಾಗಿ ಕೊಳ್ಳಬಹುದು. ಆದರೆ ಎಲ್ಲಿ ಇಡುತ್ತೀರಿ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಾಳಿ ನದಿ ಸಮುದ್ರ ಸೇರುವಲ್ಲೋ ಅಘನಾಶಿನಿ ಅಳಿವೆಯ ದಂಡೆಯಲ್ಲೋ ಇಟ್ಟರೆ ಕೂಗುಗಳು ರಾಶಿ ಸಿಗುತ್ತವೆ. ಅವೆಲ್ಲ ವಲಸೆಯ ಕೂಗಲ್ಲ. ಉಬ್ಬರದಲ್ಲಿ ಕೆಸರು ಮುಳುಗಿದಾಗ ಅಲ್ಲೇ ಮೇಯುತ್ತಿದ್ದ ಹಕ್ಕಿಗಳು ನಡುರಾತ್ರಿಯಲ್ಲೂ ಕೂಗುತ್ತ ಜಾಗ ಬದಲಿಸುತ್ತವೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದಲ್ಲ, ಕೂಗಿನ ಹೊತ್ತೂ ಹಾಗೇ ಸರಿಯುತ್ತಿದ್ದರೆ ಅದು ಸ್ಥಳೀಯ ಓಡಾಟವೆಂದೇ ತಿಳಿಯಿರಿ. ನೀರಿನಿಂದ ಎರಡು–ಮೂರು ಕಿಲೋಮೀಟರ್ ದೂರ, ಒಳನಾಡಿನ ಕಡೆ, ಹೆದ್ದಾರಿಯ ಗದ್ದಲ ತಲುಪದ ತಾರಸಿ ಮೇಲು. ತೆಂಗಿನ ಮರದ ಹತ್ತಿರ ಬೇಡ. ಗರಿಗಳ ಸರಪರ ಸದ್ದಿನಲ್ಲಿ ತೆಳುವಾದ ಕೂಗು ಕಳೆದುಹೋಗುತ್ತದೆ.

ಸೆಟ್ಟಿಂಗ್: ಸ್ಯಾಂಪಲ್ ದರ 48 ಕಿಲೋಹರ್ಟ್ಜ್, ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಮೀಡಿಯಂ. ಗಂಟೆಗೆ ಸುಮಾರು 345 ಎಂಬಿ, ಹತ್ತು ಗಂಟೆಯ ರಾತ್ರಿಗೆ ಮೂರೂವರೆ ಜಿಬಿ. 64 ಜಿಬಿ ಕಾರ್ಡ್ ಎರಡು ವಾರ ದಾಟಿಸುತ್ತದೆ. ಸದ್ದು ಜೋರಾದಾಗ ಮಾತ್ರ ಉಳಿಸಿಕೊಳ್ಳುವ ಆಯ್ಕೆಯನ್ನು ಮುಟ್ಟಲೇಬೇಡಿ. ನಮಗೆ ಬೇಕಾದ ಕೂಗು ಕ್ಷೀಣವಾದದ್ದು, ಮೊದಲು ಬಿಟ್ಟುಹೋಗುವುದು ಅದೇ. ಯುಟಿಸಿ ಸಮಯದಲ್ಲಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಹೊಂದಿಸುವಾಗ ನಮ್ಮ ಸಂಜೆ 7 ಅಂದರೆ 13:30. ಇಲ್ಲಿ ಎಡವಿ 19:00 ಎಂದು ಕೊಟ್ಟರೆ ರಾತ್ರಿ ಹನ್ನೆರಡೂವರೆಯವರೆಗೆ ಸುಮ್ಮನಿದ್ದು, ಬೆಳಗಿನ ಕಾಗೆಗಳನ್ನೂ ದಾಖಲಿಸಿ ಕೊಡುತ್ತದೆ. ಸೆಲ್ ಬದಲಿಸಿದಾಗಲೆಲ್ಲ ಗಡಿಯಾರ ನೋಡಿಕೊಳ್ಳಿ.

ಇದಕ್ಕೆಂದೇ ಮಾಡಿದ ನೀರು ನಿರೋಧಕ ಡಬ್ಬಿ ಚೆನ್ನಾಗಿದೆ, ಆದರೆ ಅದನ್ನು ರೂಪಿಸಿದ್ದು ಮರಕ್ಕೆ ಕಟ್ಟಲು. ಆಕಾಶ ಕೇಳಬೇಕೆಂದು ಅಂಗಾತ ಮಲಗಿಸಿದರೆ ಮೈಕಿನ ಮುಂದಿನ ತೆಳು ಪೊರೆಯ ಮೇಲೆ ಮಳೆನೀರು ನಿಂತು ಸದ್ದು ಮಂಕಾಗುತ್ತದೆ. ನೀರು ಜಾರಿಹೋಗುವಷ್ಟು ಓರೆಯಾಗಿಡಿ. ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ, ನಮ್ಮ ತೇವಕ್ಕೆ ಅದಿಲ್ಲದೆ ಆಗದು. ಸೆಲ್ ಆಲ್ಕಲೈನ್ ಆಗಿರಲಿ. ಅಗ್ಗದ ಸತುವಿನ ಸೆಲ್ ಬೇಗ ಇಳಿಯುತ್ತದೆ, ಸೋರಿದರೆ ಸಂಪರ್ಕದ ತಗಡೂ ಹಾಳು.

ಕೇಳುವ ಕೆಲಸ ಬೇರೆಯೇ ಇದೆ. ಕೂಗು ಕೇಳಿ ಹಕ್ಕಿ ಗುರುತಿಸುವ ತಂತ್ರಾಂಶ ಬರ್ಡ್‌ನೆಟ್‌ಗೆ ಕೊಟ್ಟರೆ ಗದ್ದೆಗಪ್ಪೆಗೂ ಹಕ್ಕಿಯ ಹೆಸರಿಡಬಹುದು. ಜರಡಿಯಾಗಿ ಬಳಸಿ, ತೀರ್ಪಾಗಿ ಬೇಡ. ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರೊಗ್ರಾಮ್ (ಸದ್ದಿನ ಚಿತ್ರ) ತೆರೆದು ಕಣ್ಣಿಂದ ನೋಡಿ. ವಿಂಬ್ರೆಲ್ ಎಂಬ ಗೊರವದ್ದು ಒಂದೇ ಶ್ರುತಿಯ, ಸಾಮಾನ್ಯವಾಗಿ ಏಳು ಸಿಳ್ಳೆಗಳ ಸಾಲು. ಗ್ರೀನ್‌ಶ್ಯಾಂಕ್ ಎಂಬ ಇನ್ನೊಂದು ಗೊರವ ಹೆಚ್ಚಾಗಿ ಮೂರು ಬಾರಿ ‘ಟ್ಯೂ’ ಎನ್ನುತ್ತದೆ. ಊರಿನ ಟಿಟ್ಟಿಭವೂ ರಾತ್ರಿಯೆಲ್ಲ ಚೀರುತ್ತದೆ, ಅದನ್ನು ಮೊದಲು ಕಲಿತುಬಿಟ್ಟರೆ ಅರ್ಧ ಗೊಂದಲ ತೀರಿತು.

ನಿಜವಾದ ಕೊರತೆ ಮೈಕಿನದು. ಅದರದೇ ಗುಸುಗುಡುವಿಕೆ ಇರುವುದರಿಂದ ಬಹಳ ಎತ್ತರದಲ್ಲಿ ಹಾರುವ ಹಕ್ಕಿ ಕೇಳಿಸದು. ಗೇನ್ ಏರಿಸಿದರೆ ಆ ಸದ್ದೂ ಏರುತ್ತದೆ, ಪಕ್ಕದ ಜೀರುಂಡೆ ಒಡೆದ ದನಿಯಾಗುತ್ತದೆ. ಹಾಗಾಗಿ ತಿಳಿಯಾದ ಬೆಳದಿಂಗಳ ರಾತ್ರಿ ಕಾರ್ಡ್‌ನಲ್ಲಿ ಕೂಗೇ ಸಿಗದಿದ್ದರೆ ಯಂತ್ರವನ್ನು ದೂರಬೇಡಿ. ಮೋಡ ತಗ್ಗಿ ಹಕ್ಕಿಗಳೂ ಕೆಳಗಿಳಿದು ಹಾರುವ, ಮಳೆ ಬಿಟ್ಟ ಅಕ್ಟೋಬರ್ ರಾತ್ರಿಗಳಿಗೆ ಹೊಸ ಸೆಲ್ ಉಳಿಸಿಡಿ.