ವೈಫೈ ಪಾಸ್‌ವರ್ಡ್ ನಿಮ್ಮ ಮೊಬೈಲ್ ನಂಬರೇ? ಹಾಗಾದರೆ ಇದನ್ನೊಮ್ಮೆ ಓದಿ

ಮನೆಗೆ ಫೈಬರ್ ಕನೆಕ್ಷನ್ ಹಾಕಲು ಬಂದ ಹುಡುಗ ವೈಫೈಗೆ ಯಾವ ಪಾಸ್‌ವರ್ಡ್ ಇಡಲಿ ಎಂದು ನಿಮ್ಮನ್ನು ಕೇಳಿದ್ದನಾ? ಇಲ್ಲ, ತಾನೇ ನಿಮ್ಮ ಮೊಬೈಲ್ ನಂಬರ್ ಹಾಕಿ, "ಮರೆತುಹೋಗಲ್ಲ ಮೇಡಂ" ಅಂದು ಹೋದನಾ? ಎರಡನೆಯದಾದರೆ ಇವತ್ತೇ ಬದಲಾಯಿಸಿ. ನಾನು ನಾಲ್ಕು ವರ್ಷ ಹಾಗೇ ಬಿಟ್ಟಿದ್ದೆ. ಏನಾಯಿತು ಅಂತ ಹೇಳುತ್ತೇನೆ. ಓದಿ ನಗು ಬಂದರೆ ನಗಿ, ಬೇಜಾರಿಲ್ಲ.

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿ. ಕೆಳಗೆ ನಾವು, ಮೇಲೆ ಬಾಡಿಗೆಯವರು, ಎದುರಿಗೆ ಹುಡುಗರ ಪಿಜಿ. ಸಂಜೆ ಐದೂವರೆಯಿಂದ ಎಂಟರವರೆಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತೇನೆ. 2025ರ ಜೂನ್‌ನಿಂದ ಆ ಹೊತ್ತಿಗೆ ಸರಿಯಾಗಿ ನೆಟ್ ಕೈಕೊಡಲು ಶುರುವಾಯಿತು. ನಾನು ತ್ರಿಕೋನ ಬರೆದರೆ ಮಕ್ಕಳಿಗೆ ಎರಡು ಗೆರೆ ಮಾತ್ರ ಕಾಣುತ್ತಿತ್ತು. "ಮಿಸ್, ನಿಮ್ಮ ಮುಖ ನಿಂತೋಯ್ತು" ಎನ್ನುವುದು ದಿನದ ಮಾತಾಯಿತು. ಆಗಸ್ಟ್ ಹೊತ್ತಿಗೆ ಮೂವರು ಮಕ್ಕಳು ಬೇರೆ ಟ್ಯೂಷನ್‌ಗೆ ಹೋದರು. ಅವರ ಅಪ್ಪ ಅಮ್ಮಂದಿರದು ತಪ್ಪಿಲ್ಲ. ದುಡ್ಡು ಕೊಟ್ಟು ಯಾರು ನಿಂತ ಮುಖ ನೋಡುತ್ತಾರೆ?

ಕಂಪನಿಗೆ ಫೋನ್ ಮಾಡಿದರೆ, ತಿಂಗಳ ಡೇಟಾ ಮಿತಿ ಮುಗಿದಿದೆ, ಅದಕ್ಕೇ ಸ್ಪೀಡ್ ಇಳಿಸಿದ್ದೇವೆ ಎಂದರು. ಅನ್‌ಲಿಮಿಟೆಡ್ ಅಂತ ಕೊಟ್ಟ ಪ್ಲಾನಿಗೆ ಮಿತಿ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು ಆಗ. ಇಷ್ಟೊಂದು ಡೇಟಾ ನಾವು ಯಾವಾಗ ಬಳಸಿದೆವು ಎಂದು ಕೇಳಲಿಲ್ಲ. ಅವರೂ ಹೇಳಲಿಲ್ಲ. ತಿಂಗಳಿಗೆ ನಾನೂರು ರೂಪಾಯಿ ಜಾಸ್ತಿ ಇರುವ ಪ್ಲಾನ್ ತಗೊಂಡೆ. ಅಂಗಡಿಯವನ ಮಾತು ಕೇಳಿ 2,400 ರೂಪಾಯಿ ಕೊಟ್ಟು ಸಿಗ್ನಲ್ ಹಿಗ್ಗಿಸುವ ಎಕ್ಸ್‌ಟೆಂಡರ್ ತಂದೆ. ಈಗ ಯೋಚಿಸಿದರೆ ಅದರಿಂದ ಎದುರಿನ ಪಿಜಿಗೆ ಇನ್ನೂ ಚೆನ್ನಾಗಿ ಸಿಗ್ನಲ್ ಸಿಕ್ಕಿರಬೇಕು.

ವಿಷಯ ಬಯಲಾಗಿದ್ದು ಆಯುಧ ಪೂಜೆಯ ದಿನ, ಅಕ್ಟೋಬರ್ 1ರಂದು. ಸ್ಕೂಟರ್, ಮಿಕ್ಸಿ, ಲ್ಯಾಪ್‌ಟಾಪ್ ಎಲ್ಲ ಒರೆಸಿ ಕುಂಕುಮ ಇಡುವಾಗ ರೌಟರನ್ನೂ ಗೋಡೆಯಿಂದ ಇಳಿಸಿದೆ. ನಾಲ್ಕು ವರ್ಷದ ಧೂಳು. ತಿರುಗಿಸಿದರೆ ಕೆಳಗೊಂದು ಚೀಟಿ. 192.168.1.1 ಅಂತ ಒಂದು ಅಡ್ರೆಸ್, ಕೆಳಗೆ ಯೂಸರ್ ನೇಮ್, ಪಾಸ್‌ವರ್ಡ್. ಮಂಡ್ಯದಿಂದ ದಸರಾಕ್ಕೆ ಬಂದಿದ್ದ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನು ನೋಡಿ, "ಚಿಕ್ಕಮ್ಮ, ಇದರೊಳಗೆ ಯಾವತ್ತಾದರೂ ಹೋಗಿ ನೋಡಿದ್ದೀರಾ?" ಎಂದ. ಒಳಗೆ ಹೋಗಲು ಅದೇನು ಅರಮನೆಯೇ ಎಂದೆ.

ಆ ಅಡ್ರೆಸ್ಸನ್ನು ಮೊಬೈಲ್ ಬ್ರೌಸರ್‌ನಲ್ಲಿ ಹಾಕಿದ. ಚೀಟಿಯ ಪಾಸ್‌ವರ್ಡ್ ಕೊಟ್ಟ ತಕ್ಷಣ ಬಾಗಿಲು ತೆರೆಯಿತು. ಅಂದರೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಇನ್ನೂ ಇತ್ತು. ಒಳಗೆ ರೌಟರ್‌ಗೆ ಸೇರಿಕೊಂಡ ಸಾಧನಗಳ ಪಟ್ಟಿ. 23 ಹೆಸರು!

ನಮ್ಮ ಮನೆಯಲ್ಲಿರುವುದು ಎರಡು ಫೋನ್, ಲ್ಯಾಪ್‌ಟಾಪ್, ನಾನು ಪಾಠ ಮಾಡುವ ಟ್ಯಾಬ್, ಟಿವಿ, ಪ್ರಿಂಟರ್, ಗೇಟಿನ ಕ್ಯಾಮೆರಾ. ಬೆರಳು ಮಡಚಿ ಎಣಿಸಿದರೂ ಏಳು.

"ಎಲ್ಲರೂ ಈಗ ಒಳಗಿಲ್ಲ ಚಿಕ್ಕಮ್ಮ, ಬಂದು ಹೋದವರೂ ಇದ್ದಾರೆ" ಎಂದ. ಡಿಎಚ್‌ಸಿಪಿ ಎನ್ನುವ ಈ ಪಟ್ಟಿ ಛತ್ರದ ರಿಜಿಸ್ಟರ್ ಇದ್ದ ಹಾಗೆ. ಬಂದವರಿಗೆಲ್ಲ ರೌಟರ್ ಒಂದು ನಂಬರ್ ಕೊಟ್ಟು ಬರೆದುಕೊಳ್ಳುತ್ತದೆ. ಅವರು ಎದ್ದು ಹೋದರೂ ಒಂದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ದಿನ, ಹೆಸರು ಅಳಿಸುವುದಿಲ್ಲ. ಈ ಗಳಿಗೆಯಲ್ಲಿ ಸೇರಿಕೊಂಡವರನ್ನು ತೋರಿಸುವ ಪಟ್ಟಿ ವೈಫೈ ಪುಟದಲ್ಲಿ ಬೇರೆ ಇತ್ತು. ಅದರಲ್ಲಿ 14. ಪಿಜಿ ಹುಡುಗರು ಅರ್ಧಕ್ಕರ್ಧ ಹಬ್ಬಕ್ಕೆ ಊರಿಗೆ ಹೋಗಿದ್ದಾಗಿನ ಲೆಕ್ಕ ಇದು.

ಇಲ್ಲಿಂದ ಮುಂದೆ ನಾವು ಮಾಡಿದ್ದೆಲ್ಲ ತಪ್ಪು. ಈ ಭಾಗವನ್ನು ನಿಧಾನವಾಗಿ ಓದಿ, ನೀವು ಮಾಡಬೇಡಿ.

ಮೊದಲ ತಪ್ಪು, ಕಂಡವರನ್ನೆಲ್ಲ ಬ್ಲಾಕ್ ಮಾಡಿದ್ದು. ಪ್ರತಿ ಸಾಧನದ ಮುಂದೆ ಎರಡೆರಡು ಅಕ್ಷರದ ಆರು ಜೋಡಿ ಇರುತ್ತದೆ, ಅದು ಮ್ಯಾಕ್ ಅಡ್ರೆಸ್. ಮೊದಲ ಮೂರು ಜೋಡಿಯಿಂದ ತಯಾರಿಸಿದ ಕಂಪನಿ ಯಾವುದು ಎಂದು ಹುಡುಕಬಹುದು. ಒಂದಕ್ಕೆ ಎಸ್‌ಪ್ರೆಸಿಫ್ ಅಂತ ಬಂತು. ಶಾಂಘೈ ಕಂಪನಿ. ನಮ್ಮೆಜಮಾನರು ಕಾಫಿ ಲೋಟ ಕೆಳಗಿಟ್ಟು, "ಚೀನಾದವರು ನಮ್ಮನೆಗೆ ಯಾಕೆ ಬಂದರು?" ಎಂದು ಗಾಬರಿಯಾದರು. ತಕ್ಷಣ ಬ್ಲಾಕ್ ಮಾಡಿದೆವು. ಆಮೇಲೆ ನೋಡಿದರೆ ಅದು ತಾರಸಿಯ ಸೋಲಾರ್ ಇನ್ವರ್ಟರ್‌ಗೆ ಸಿಕ್ಕಿಸಿದ್ದ ವೈಫೈ ತುಂಡು! ಆ ಕಂಪನಿಯ ಚಿಪ್ ಸ್ಮಾರ್ಟ್ ಬಲ್ಬ್, ಪ್ಲಗ್, ಹೀಗೆ ನೂರೆಂಟು ವಸ್ತುಗಳಲ್ಲಿ ಇರುತ್ತದಂತೆ. ನಮ್ಮ ಏಳು ಎಂಟಾಯಿತು. ಆ 14ರಲ್ಲಿ ಹೊರಗಿನವರು ಆರು.

ಇನ್ನೊಂದು ತಮಾಷೆ, ಎಜಮಾನರ ಫೋನನ್ನೇ ಕಳ್ಳ ಅಂದುಕೊಂಡು ಹೊರಗೆ ಹಾಕಿದ್ದೆವು. ಅವರ ಫೋನ್ ಸೆಟ್ಟಿಂಗ್ಸ್‌ನಲ್ಲಿ ಕಂಡ ಮ್ಯಾಕ್ ನಂಬರೇ ಬೇರೆ, ರೌಟರ್ ಪಟ್ಟಿಯಲ್ಲಿದ್ದ ನಂಬರೇ ಬೇರೆ. ಆಂಡ್ರಾಯ್ಡ್ 10, ಐಫೋನ್‌ನಲ್ಲಿ ಐಒಎಸ್ 14 ಬಂದ ಮೇಲೆ ಫೋನ್‌ಗಳು ಪ್ರತಿ ವೈಫೈಗೂ ಒಂದು ಸುಳ್ಳು ನಂಬರ್ ತೋರಿಸುತ್ತವೆ. ನಮ್ಮ ಜಾಡು ಯಾರೂ ಹಿಡಿಯಬಾರದು ಅಂತ ಮಾಡಿದ ಏರ್ಪಾಡು. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಇಂಥ ಬಣ್ಣ ಹಚ್ಚಿಕೊಂಡ ನಂಬರ್. ಇದೇ ಕಾರಣಕ್ಕೆ ಬ್ಲಾಕ್ ಮಾಡುವುದು ಸುಮ್ನೆ ದಂಡ. ಹೊರಗೆ ಹಾಕಿದ ಫೋನ್ ಸೆಟ್ಟಿಂಗ್ ಬದಲಾಯಿಸಿಕೊಂಡು ಬೇರೆ ನಂಬರ್ ಹೊತ್ತು ಬರಬಹುದು. ಅರ್ಧ ಗಂಟೆಯಲ್ಲಿ ಇಬ್ಬರು ಬಂದೇ ಬಂದರು.

ಎರಡನೆಯ ತಪ್ಪು ದೊಡ್ಡದು. ಸಿಟ್ಟಿನಲ್ಲಿ ಅಕ್ಕನ ಮಗ ರೌಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡಿದ. ರೀಸೆಟ್! ಪಾಸ್‌ವರ್ಡ್ ಹೋಯಿತು, ಸರಿ. ಅದರ ಜೊತೆ ಕಂಪನಿಯವರು ಒಳಗೆ ಹಾಕಿದ್ದ ಲಾಗಿನ್ ವಿವರವೂ ಹೋಯಿತು. ಫೈಬರ್ ರೌಟರ್‌ಗಳಲ್ಲಿ ಎಷ್ಟೋ ಸಲ ಅದು ಇಲ್ಲದೆ ನೆಟ್ ಬರುವುದೇ ಇಲ್ಲ. ಆ ವಿವರ ನಮ್ಮ ಹತ್ತಿರ ಎಲ್ಲಿಂದ ಇರಬೇಕು? ಮಾರನೇ ದಿನ ಜಂಬೂ ಸವಾರಿ, ಗಾಂಧಿ ಜಯಂತಿ ಎರಡೂ. ಮೈಸೂರಿಗೆ ಮೈಸೂರೇ ರಸ್ತೆಯಲ್ಲಿತ್ತು, ನಮ್ಮ ಫೋನ್ ಯಾರು ಎತ್ತುತ್ತಾರೆ? ರಿಪೇರಿ ಹುಡುಗ ಬಂದಿದ್ದು ಶನಿವಾರ, ಅಕ್ಟೋಬರ್ 4ರಂದು. ಅಲ್ಲಿವರೆಗೆ ಮನೆಯಲ್ಲಿ ನೆಟ್ ಇಲ್ಲ.

ಮೂರನೆಯ ತಪ್ಪು ನನ್ನದೊಬ್ಬಳದೇ. ಪಾಸ್‌ವರ್ಡ್ ಹೊರಗೆ ಹೋಗಿದ್ದು ಹೇಗೆ? ನಾನು ಕೊಟ್ಟಿದ್ದು ಇಬ್ಬರಿಗೆ. ಮೇಲಿನ ಮನೆಯ ಬಾಡಿಗೆಯವರು ಮೇ ತಿಂಗಳಲ್ಲಿ ಖಾಲಿ ಮಾಡಿ ಪಕ್ಕದ ರಸ್ತೆಗೆ ಹೋಗಿದ್ದರು. ಇನ್ನೊಬ್ಬ ಮನೆಗೆಲಸಕ್ಕೆ ಬರುವ ನಮ್ಮ ಗೌರಮ್ಮನ ಮಗ. ಆ ಬಾಡಿಗೆಯವರಿಗೆ ಹಬ್ಬದ ದಿನವೇ ಫೋನ್ ಮಾಡಿ, "ನಿಮ್ಮನ್ನು ನಂಬಿ ಕೊಟ್ಟರೆ ಊರಿಗೆಲ್ಲ ಹಂಚಿದ್ದೀರಲ್ಲ" ಎಂದುಬಿಟ್ಟೆ. ಆಕೆ ಏನೂ ಹೇಳದೆ ಫೋನ್ ಇಟ್ಟರು. ಗೌರಮ್ಮನನ್ನು ಬಾಯಿಬಿಟ್ಟು ಕೇಳಲಿಲ್ಲ, ಆದರೆ ಮನಸ್ಸಿನಲ್ಲಿ ಕೇಳಿ ಮುಗಿಸಿದ್ದೆ.

ಉತ್ತರ ಶುಕ್ರವಾರ ಸಂಜೆ ತಾನಾಗಿ ಗೇಟಿಗೆ ಬಂತು. ಎದುರು ಪಿಜಿಯ ಹುಡುಗ, ಚೆನ್ನಾಗಿ ತಲೆ ಬಾಚಿಕೊಂಡು, ತುಂಬ ಮರ್ಯಾದೆಯಿಂದ ಕೇಳಿದ. "ಆಂಟಿ, ನಿಮ್ಮನೇಲಿ ನೆಟ್ ಹೋಗಿದ್ಯಾ? ಯಾವಾಗ ಬರುತ್ತೆ?"

ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ ಅಂತಾರಲ್ಲ, ನಮ್ಮ ವೈಫೈ ಅವರ ಪಾಲಿಗೆ ಹೊಳೆಯೇ ಆಗಿತ್ತು. ಹೊಳೆ ಬತ್ತಿದ್ದಕ್ಕೆ ವಿಚಾರಿಸಲು ಬಂದಿದ್ದ. ಪಾಸ್‌ವರ್ಡ್ ಯಾರು ಕೊಟ್ಟರಪ್ಪಾ ಎಂದೆ. ಅವನು ನನ್ನ ತಲೆಯ ಪಕ್ಕಕ್ಕೆ ಬೆರಳು ತೋರಿಸಿದ. "ಬೋರ್ಡಲ್ಲೇ ಇದೆಯಲ್ಲ ಆಂಟಿ. ಸೀನಿಯರ್ ಹೇಳಿದ್ರು, ಸುಮ್ನೆ ಆ ನಂಬರ್ ಹಾಕು, ಬರುತ್ತೆ ಅಂತ."

ಗೇಟಿನ ಮೇಲೆ 'ಮನೆ ಬಾಡಿಗೆಗೆ ಇದೆ' ಬೋರ್ಡ್. ಅದರಲ್ಲಿ ದಪ್ಪ ಅಕ್ಷರದಲ್ಲಿ ನನ್ನ ಮೊಬೈಲ್ ನಂಬರ್. ಪಕ್ಕದ ಕಲ್ಲಿನಲ್ಲಿ ಮನೆಯ ಹೆಸರು, ವೈಫೈ ಹೆಸರೂ ಅದೇ. ಬೋರ್ಡ್ ಹಾಕಿದ್ದು ಜೂನ್‌ನಲ್ಲಿ, ನೆಟ್ ಕೆಟ್ಟಿದ್ದೂ ಜೂನ್‌ನಲ್ಲಿ. ಇವೆರಡನ್ನು ಕೂಡಿಸಿ ನೋಡುವ ಬುದ್ಧಿ ನಾಲ್ಕು ತಿಂಗಳು ಬರಲಿಲ್ಲ, ಅದೂ ಗಣಿತದ ಟೀಚರಿಗೆ!

ಆ ಹುಡುಗನಿಗೆ ಬೈಯಲು ಬಾಯಿ ಬರಲಿಲ್ಲ. ಒಳಗೆ ಬಂದು ಮೊದಲು ಹಳೆಯ ಬಾಡಿಗೆಯವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಾರನೇ ದಿನ ಸಿಹಿ ಕಟ್ಟಿಕೊಂಡು ಅವರ ಮನೆಗೇ ಹೋದೆ. ಬಾಗಿಲು ತೆರೆದರು, ಕಾಫಿ ಕೊಟ್ಟರು. ಮಾತು ಮಾತ್ರ ಮೊದಲಿನ ಹಾಗೆ ಬರಲಿಲ್ಲ.

ಬೋರ್ಡ್ ಇಲ್ಲದಿದ್ದರೆ ಮೊಬೈಲ್ ನಂಬರ್ ಇಡಬಹುದಾ? ಅದನ್ನೇ ಅಕ್ಕನ ಮಗನಿಗೆ ಕೇಳಿದೆ. 2021ರಲ್ಲಿ ಇಸ್ರೇಲಿನ ಟೆಲ್ ಅವೀವ್‌ನಲ್ಲಿ ಒಬ್ಬ ಸಂಶೋಧಕ ಬೀದಿ ಬೀದಿ ಸುತ್ತಿ 5,000 ವೈಫೈಗಳ ಸಂಕೇತ ಹಿಡಿದು, ಅದರಲ್ಲಿ ನೂರಕ್ಕೆ 70ರಷ್ಟರ ಪಾಸ್‌ವರ್ಡ್ ಬಿಡಿಸಿ ತೋರಿಸಿದ್ದನಂತೆ. ಅವುಗಳಲ್ಲಿ ಬಹಳಷ್ಟು ಅಲ್ಲಿನ ಜನರ ಮೊಬೈಲ್ ನಂಬರ್‌ಗಳೇ. ನಮ್ಮ ನಂಬರಿನಲ್ಲಿ ಹತ್ತು ಅಂಕಿ, ಮೊದಲನೆಯದು 6ರಿಂದ 9ರೊಳಗೆ. ಲೆಕ್ಕ ಹಾಕಿದರೆ 400 ಕೋಟಿ ಸಾಧ್ಯತೆ. ನಮಗೆ ದೊಡ್ಡದು ಅನ್ನಿಸುತ್ತದೆ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್‌ಗೆ ಕೆಲವು ಗಂಟೆಗಳ ಕೆಲಸ, ಅಷ್ಟೆ.

ಡೇಟಾ ಹೋಯಿತು, ದುಡ್ಡು ಹೋಯಿತು, ಅದನ್ನು ಬಿಡಿ. ನನಗೆ ಎರಡು ರಾತ್ರಿ ನಿದ್ದೆ ಬರದಿದ್ದುದು ಕ್ಯಾಮೆರಾದಿಂದ. ಅದನ್ನು ಹಾಕಿದವನೂ ಪಾಸ್‌ವರ್ಡ್ ಬದಲಾಯಿಸಿರಲಿಲ್ಲ, ಯೂಸರ್ ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ನಮ್ಮ ವೈಫೈ ಒಳಗೆ ಬಂದ ಯಾರು ಬೇಕಾದರೂ ಅದರ ಪುಟ ತೆರೆದು ನೋಡಬಹುದಿತ್ತು. ನಾನು ಬೆಳಿಗ್ಗೆ ಐದೂವರೆಗೆ ರಂಗೋಲಿ ಹಾಕುವುದು, ಅತ್ತೆ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುವುದು, ನಾವು ಊರಿಗೆ ಹೊರಟು ಬೀಗ ಹಾಕುವುದು, ಎಲ್ಲ ಅದರಲ್ಲಿ ಕಾಣುತ್ತದೆ. ಯಾರಾದರೂ ನೋಡಿದರೋ ಇಲ್ಲವೋ ತಿಳಿಯುವ ದಾರಿಯೇ ಇಲ್ಲ. ಎಜಮಾನರ ಚಿಂತೆ ಬೇರೆ. ಕನೆಕ್ಷನ್ ಅವರ ಹೆಸರಿನಲ್ಲಿದೆ. ಅದರಿಂದ ಯಾರಾದರೂ ಏನಾದರೂ ಕೆಟ್ಟ ಕೆಲಸ ಮಾಡಿದ್ದರೆ ಪೊಲೀಸರು ಮೊದಲು ಬರುವುದು ಯಾರ ಮನೆಗೆ?

ಶನಿವಾರ ಬಂದ ಹುಡುಗ ಹತ್ತೇ ನಿಮಿಷದಲ್ಲಿ ನೆಟ್ ತಂದ. ಕೊನೆಗೆ ಕೀಬೋರ್ಡ್ ಮೇಲೆ ಬೆರಳಿಟ್ಟು, "ಮೊಬೈಲ್ ನಂಬರ್ ಹೇಳಿ ಮೇಡಂ" ಎಂದ. ಯಾಕೆ ಎಂದೆ. "ಪಾಸ್‌ವರ್ಡ್‌ಗೆ. ಎಲ್ಲರಿಗೂ ಅದೇ ಹಾಕೋದು." ಎಲ್ಲರಿಗೂ ಎಂದರೆ ಎಷ್ಟು ಮನೆ ಎಂದು ಕೇಳಿದರೆ ನಕ್ಕ.

ಈ ಸಲ ನಾನೇ ಹಾಕಿದೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದ, ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಅಂಕಿ. ವೈಫೈ ಪಾಸ್‌ವರ್ಡ್ 63 ಅಕ್ಷರದವರೆಗೆ ಇರಬಹುದು, ಜಿಪುಣತನ ಬೇಡ. ರೌಟರ್ ಒಳಗೆ ಹೋಗುವ ಪಾಸ್‌ವರ್ಡ್ ಬೇರೆ, ಅದನ್ನೂ ಬದಲಾಯಿಸಿದೆ. ಪಾಸ್‌ವರ್ಡ್ ಹಾಕದೆ, ಗುಂಡಿ ಒತ್ತಿಯೋ ಪಿನ್ ಹಾಕಿಯೋ ವೈಫೈಗೆ ಸೇರಿಕೊಳ್ಳಲು ಡಬ್ಲ್ಯುಪಿಎಸ್ ಅಂತ ಒಂದು ಸೌಲಭ್ಯ ಇರುತ್ತದೆ, ಅದರ ಎಂಟಂಕಿಯ ಪಿನ್ ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಿಗುತ್ತದೆ ಎಂದು 2011ರಲ್ಲೇ ಗೊತ್ತಾಗಿದೆ. ಅದನ್ನು ಆಫ್ ಮಾಡಿಸಿದೆ. ಬಂದ ಹೋದವರಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಇದೆ. ಗೌರಮ್ಮನ ಮಗನಿಗೆ ಅದರ ಪಾಸ್‌ವರ್ಡನ್ನು ನಾನೇ ಕರೆದು ಕೊಟ್ಟೆ. ಸೋಲಾರ್ ತುಂಡನ್ನು ಮತ್ತೆ ಜೋಡಿಸಲು ಮಾತ್ರ ಒಂದು ಭಾನುವಾರ ಪೂರ್ತಿ ಹಿಡಿಯಿತು. ರೌಟರ್ ಎರಡು ಬಗೆಯ ವೈಫೈ ಬಿಡುತ್ತದೆ, ಈ ತುಂಡಿಗೆ ಅದರಲ್ಲಿ 2.4 ಗಿಗಾಹರ್ಟ್ಸ್ ಎನ್ನುವುದು ಬಿಟ್ಟರೆ ಬೇರೆ ಕಾಣುವುದೇ ಇಲ್ಲ.

ಪಟ್ಟಿ ನೋಡಬೇಕೆನ್ನುವವರು ರೌಟರ್ ಕೆಳಗಿನ ಚೀಟಿ ನೋಡಿ. ಕೆಲವಕ್ಕೆ ಅಡ್ರೆಸ್ 192.168.0.1 ಇರುತ್ತದೆ. ಚೀಟಿ ಹರಿದಿದ್ದರೆ ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲಿ ಗೇಟ್‌ವೇ ಎಂದು ಇರುವುದೇ ಅದು. ಅಪರಿಚಿತ ಹೆಸರು ಕಂಡರೆ ನಮ್ಮ ಹಾಗೆ ಹಾರಾಡಬೇಡಿ. ಮನೆಯ ಒಂದೊಂದೇ ವಸ್ತುವಿನ ವೈಫೈ ಆಫ್ ಮಾಡಿ, ಪುಟ ರಿಫ್ರೆಶ್ ಮಾಡಿ, ಯಾವ ಹೆಸರು ಮಾಯವಾಯಿತು ಎಂದು ಬರೆದುಕೊಳ್ಳಿ. ನಾನು ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದೇನೆ. ತಿಂಗಳಿಗೊಮ್ಮೆ ಹಾಲಿನ ಲೆಕ್ಕ ನೋಡುವಾಗ ಇದನ್ನೂ ನೋಡುತ್ತೇನೆ. ವೈಫೈ ಕಳ್ಳನನ್ನು ಹಿಡಿಯುತ್ತೇವೆ ಎನ್ನುವ ಸಿಕ್ಕ ಸಿಕ್ಕ ಆ್ಯಪ್ ಹಾಕಿಕೊಳ್ಳಬೇಡಿ, ರೌಟರ್ ಪುಟದಲ್ಲೇ ಎಲ್ಲ ಕಾಣುತ್ತದೆ.

ಮೊನ್ನೆ ನಮ್ಮ ರಸ್ತೆಯಲ್ಲಿ ನಡೆದು ಬರುವಾಗ ಬೋರ್ಡ್‌ಗಳನ್ನೇ ನೋಡುತ್ತಾ ಬಂದೆ. ಟೈಲರ್, ಜೆರಾಕ್ಸ್, ಡಾಕ್ಟರ್, ಸಂಗೀತ ಪಾಠ. ಎಲ್ಲದರಲ್ಲೂ ಹತ್ತಂಕಿ. ಬ್ಲೌಸ್ ಕೊಡಲು ಹೋದಾಗ ಟೈಲರ್ ಅಕ್ಕನನ್ನು ಕೇಳಿಯೇಬಿಟ್ಟೆ, ನಿಮ್ಮ ವೈಫೈ ಪಾಸ್‌ವರ್ಡ್ ಆ ಬೋರ್ಡಿನ ನಂಬರ್ ಅಲ್ವಾ? ಅವರು ಕತ್ತರಿ ಕೆಳಗಿಟ್ಟು, "ಅಯ್ಯೋ, ನಿಮಗೆ ಹೇಗೆ ಗೊತ್ತಾಯ್ತು ಮಿಸ್?" ಎಂದರು. ನಾಳೆ ಪಾಠ ಮುಗಿದ ಮೇಲೆ ಹೋಗಿ ಬದಲಾಯಿಸಿ ಕೊಡಬೇಕು. ಪಿನ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.